ನಾನು ಹಾಕಿದ ಕಥೆಗಾರರ ಸಹಿ

“ಸಹಿ ಮಾಡ್ರಿ ಸರ್” ಎಂದು ಆ ಹೆಣ್ಣುಮಗಳು ಪುಸ್ತಕ ತೆರೆದು ನನ್ನ ಮುಂದಿಟ್ಟಾಗ ಗಾಬರಿಯಾದೆ. ವಿಜಯನಗರದ ಸಾಹಿತ್ಯ ಉತ್ಸವದಲ್ಲಿ ಸುತ್ತಿ ಸುತ್ತಿ ಮಂಡಿ ನೋವು ಬಂದು, ಒಂದು ಪುಸ್ತಕ ಮಳಿಗೆಯ ಖಾಲಿ ಕುರ್ಚಿಯಲ್ಲಿ ಕೂತಿದ್ದೆ, ಅಷ್ಟೆ. ಅದು ಆ ಪುಸ್ತಕ ಬರೆದ ಕಥೆಗಾರರು ಸಹಿ ಹಾಕಲು ಕೂರುವ ಕುರ್ಚಿಯಂತೆ, ಅವರು ಕಾಫಿಗೆ ಹೋಗಿದ್ದರು. ಅವರಂತೆಯೇ ನನಗೂ ಬಕ್ಕತಲೆ, ಬಿಳಿ ಜುಬ್ಬ. ಆದರೆ ನಾನು ಕಾಮಾಕ್ಷಿಪಾಳ್ಯದ ಕಾರ್ಖಾನೆಯಲ್ಲಿ ಲೇತ್ ಯಂತ್ರ ಓಡಿಸುವವನು.

“ಅಲ್ಲಮ್ಮ, ನಾನು...” ಅನ್ನುವಷ್ಟರಲ್ಲಿ ಆಕೆಯ ಕಣ್ಣು ತುಂಬಿತು. “ನಿಮ್ಮ ಅಕ್ಕ-ತಂಗಿ ಕಥಿ ಓದಿ ನಮ್ಮಕ್ಕಗ ಫೋನ್ ಮಾಡಿದೆ ಸರ್. ಏಳು ವರ್ಷ ಮಾತು ಬಿಟ್ಟಿದ್ವಿ. ಅಕಿ ಎತ್ತಿದ್ಲ್ರೀ!”

ಆಮೇಲೆ ‘ನಾನಲ್ಲ’ ಎನ್ನಲು ಬಾಯೇ ಬರಲಿಲ್ಲ. ಪೆನ್ನು ತೆಗೆದು, ದಿನಾ ಹಾಜರಿ ಪುಸ್ತಕಕ್ಕೆ ಹಾಕುವ ನನ್ನದೇ ಸಹಿ ಗೀಚಿಬಿಟ್ಟೆ. ಆಕೆ ಅದನ್ನು ನೋಡಲೂ ಇಲ್ಲ. ಪುಸ್ತಕ ಎದೆಗವಚಿಕೊಂಡು, ಕೈ ಮುಗಿದು ಹೊರಟುಹೋದಳು. ಕಥೆಗಾರರು ಬರುವ ಮೊದಲೇ ಆ ಪುಸ್ತಕದ ಒಂದು ಪ್ರತಿ ಕೊಂಡು ನಾನೂ ಜಾಗ ಖಾಲಿ ಮಾಡಿದೆ.

ಅದರ ಹದಿನಾಲ್ಕೂ ಕಥೆಗಳನ್ನು ಎರಡೆರಡು ಸಲ ಓದಿದ್ದೇನೆ. ಎಲ್ಲಿಯೂ ಅಕ್ಕ-ತಂಗಿ ಇಲ್ಲ. ಆಕೆ ಬೇರೆ ಯಾರದೋ ಕಥೆ ಓದಿ ಇಲ್ಲಿಗೆ ಬಂದಳೋ, ನನಗೆ ಕಾಣದ್ದು ಇದರಲ್ಲೇ ಆಕೆಗೆ ಕಂಡಿತೋ, ಗೊತ್ತಾಗುತ್ತಿಲ್ಲ. ನಾನು ಮಾಡಿದ್ದು ಮೋಸವೋ ಏನೋ, ಅದೂ ಬಗೆಹರಿದಿಲ್ಲ. ಆದರೆ ಅಕ್ಕ ಫೋನ್ ಎತ್ತಿದ್ದು ಮಾತ್ರ ನಿಜ ತಾನೆ?