ಕಣದ ಮೇಲೆ ಹಾದುಹೋದ ಬೆಳಕು

ರಾಶಿ ಅಳೆಯುವ ತನಕ ನಮ್ಮ ಮನೆತನದವರು ಕಣದಲ್ಲಿ ದೀಪ ಹಚ್ಚುತ್ತಿರಲಿಲ್ಲ. ಹಚ್ಚಿದರೆ ಕಾಳಿನ ಮೇಲೆ ಕೆಟ್ಟ ಕಣ್ಣು ಬೀಳುತ್ತದೆಂದು ಅಪ್ಪ ನಂಬಿದ್ದ. ಎಪ್ಪತ್ತರ ದಶಕದ ಆ ಸುಗ್ಗಿಗೆ ನಾನು ಬಿಜಾಪುರದಲ್ಲಿ ಬಿ.ಎಸ್ಸಿ. ಮುಗಿಸಿ ತಿಕೋಟಾದ ಹೊಲಕ್ಕೆ ಬಂದಿದ್ದೆ. ಸಿದ್ಧೇಶ್ವರ ಗುಡಿಯ ಹತ್ತಿರದ ಖೋಲಿಯಲ್ಲಿ ಒಣರೊಟ್ಟಿ ತಿಂದು ಪಾಸಾದವನು. ನಮ್ಮವರಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಆ ವಾರ ಪಕ್ಕದ ಕಣದ ಜೋಳ ಕಳುವಾಗಿತ್ತು. ಕಳ್ಳರು ಬ್ಯಾಟರಿ ಹಾಕಿ ಸನ್ನೆ ಮಾಡುತ್ತಾರೆಂದು ಸುದ್ದಿ. ಹೊತ್ತು ಮುಳುಗಿದ ಮೇಲೆ ಬಬಲೇಶ್ವರದ ಕಡೆಯ ಏರಿನ ಮೇಲೆ ಒಂದು ಬೆಳಕು ಫಳ್ಳೆಂದು ಆರಿತು. ಮತ್ತೆ ಫಳ್ಳೆಂದಿತು.

"ಹಿಡೀರಿ ಮಗನ್ನ!" ಎಂದು ಅಪ್ಪನ ತಮ್ಮ, ನಮ್ಮ ಕಾಕಾ, ಬಡಿಗೆ ಹಿಡಿದು ಓಡಿದ. ಹಿಂದೆ ಅಪ್ಪ, ನಾನು. ಅಲ್ಲಿ ಸಿಕ್ಕವನು ಬಬಲೇಶ್ವರದಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕಿ, ತಿಕೋಟಾದ ಬಸ್ಸಿಗೆಂದು ಅಡ್ಡದಾರಿಯಲ್ಲಿ ಬರುತ್ತಿದ್ದ ಮನುಷ್ಯ. ಕೈಯಲ್ಲಿ ಬ್ಯಾಟರಿ. ಅಷ್ಟು ಸಾಕಾಯಿತು. ಮೊದಲ ಪೆಟ್ಟಿಗೇ ತೋಳಿನ ಎಲುಬು ಲಟಕ್ಕೆಂದಿತು.

"ಯಪ್ಪಾ, ಕಲಾಯಿ ಹಾಕಾಂವ್ರೀ ನಾ!"

"ಬ್ಯಾಟರಿ ಯಾರಿಗಿ ತೋರಸಾಕತ್ತಿದ್ದಿ, ಬೊಗಳಲೇ!" ಕಾಕಾ ಬ್ಯಾಟರಿ ಕಿತ್ತುಕೊಂಡು ಬಾಯಿಗೆ ಒದ್ದ. ಅಪ್ಪ ಅವನ ಕಾಲು ಅದುಮಿ ಹಿಡಿದಿದ್ದ. ಇನ್ನೊಂದು ಪೆಟ್ಟು ತಲೆಗೆ ಬಿದ್ದರೆ ಮುಗಿಯುತ್ತಿತ್ತು.

ನಾನು ಮೇಲೆ ನೋಡಿದೆ. ಅದೇ ಬೆಳಕು ಫಳ್ಳೆನ್ನುತ್ತ ಏರು ಬಿಟ್ಟು ನಡುನೆತ್ತಿಗೆ ಬಂದಿತ್ತು. ಕಾಲೇಜಿನ ಮಾಳಿಗೆಯ ಮೇಲೆ ಪ್ರೊಫೆಸರು ಕಲಿಸಿದ್ದರು: ವಿಮಾನಕ್ಕೆ ಕೆಂಪು, ಹಸಿರು ದೀಪ ಇರುತ್ತದೆ, ಉಪಗ್ರಹವೋ ಖಾಲಿ ರಾಕೆಟ್ಟೋ ಉರುಳುತ್ತ ಹೋದರೆ, ಬಿಸಿಲು ಬಿದ್ದಾಗಲೆಲ್ಲ ಬೆಳ್ಳಗೆ ಹೊಳೆಯುತ್ತದೆ.

"ಕಾಕಾ, ಬ್ಯಾಟರಿ ನಿನ್ನ ಕೈಯಾಗೈತಿ. ಮ್ಯಾಲ ಯಾರ ಹಾಕಾಕತ್ತಾರ, ನೋಡ!"

"ನಾಕ ಅಕ್ಷರ ಕಲ್ತು ಕಳ್ಳರ ವಕೀಲ ಆಗ್ಯಾನ! ಚಿಕ್ಕಿ ಅದು, ಸರಿ ಅತ್ಲಾಗ!"

"ನಕ್ಷತ್ರ ಹಿಂಗ ಓಡತಾವೇನು? ಉಪಗ್ರಹ ಐತಿ. ಅದು ನೆಲದ ತನಕ ಇಳಿಯೂದಿಲ್ಲ. ಭೂಮಿ ನೆಳ್ಳಾಗ ಹೊಕ್ಕು ನಡುದಾರ್ಯಾಗ ಆರತೈತಿ. ಆರಲಿಲ್ಲಂದ್ರ ನನಗೂ ಹೊಡಿ."

ಅಪ್ಪ ತಲೆ ಎತ್ತಿದ. ಬೆಳಕು ಮೂಡಣಕ್ಕೆ ಸರಿಯಿತು. ಒಮ್ಮೆ ಹೊಳೆಯಿತು, ಇನ್ನೊಮ್ಮೆ ಮಂಕಾಗಿ. ಆಮೇಲೆ ಬರಲೇ ಇಲ್ಲ.

"ನೋಡ್ದಿ? ಈ ಕಳ್ಳ ಮಂತ್ರ ಹಾಕಿ ಆರ್ಸ್ಯಾನ!" ಎಂದು ಕಾಕಾ ಮತ್ತೆ ಬಡಿಗೆ ಎತ್ತಿದ. ನಾನು ಅಡ್ಡ ಬಿದ್ದೆ. ಪೆಟ್ಟು ನನ್ನ ಹೆಗಲಿಗೆ ಬಿತ್ತು. ಅಪ್ಪ ಕಾಲು ಬಿಟ್ಟು ತಮ್ಮನ ಕುತ್ತಿಗೆ ಹಿಡಿದು ನೆಲಕ್ಕೆ ಕೆಡವಿದ.

"ಹುಡುಗ ಹೇಳಿದಂಗ ಆತಿಲ್ಲೋ? ಇನ್ನೊಮ್ಮೆ ಎತ್ತಿದಿ ಅಂದ್ರ ನಿನ್ನ ಕೈ ಮುರೀತೇನಿ."

ಎತ್ತಿನ ಚಕ್ಕಡಿಯಲ್ಲಿ ಹುಲ್ಲು ಹಾಸಿ ಕಲಾಯಿಯವನನ್ನು ಮಲಗಿಸಿದೆವು. ಬಿಜಾಪುರದ ದವಾಖಾನೆಗೆ ಒಯ್ಯುತ್ತಿದ್ದೇವೆಂದು ನಾನು ಎಷ್ಟು ಹೇಳಿದರೂ ಅವನು ನಂಬಲಿಲ್ಲ. ಎಲ್ಲೋ ಒಯ್ದು ಕೊಲ್ಲುತ್ತೇವೆಂದು ತಿಳಿದು, ದಾರಿಯುದ್ದಕ್ಕೂ "ಬಿಟ್ಟ ಬಿಡ್ರೀ, ಯಪ್ಪಾ" ಎನ್ನುತ್ತಲೇ ಇದ್ದ. ದವಾಖಾನೆಯ ಬಾಗಿಲಲ್ಲಿ ನರ್ಸಮ್ಮನನ್ನು ಕಂಡ ಮೇಲೆಯೇ ಸುಮ್ಮನಾದದ್ದು.