ಕಣ್ಣಿನ ಬದಲು ಕೀಲಿಕೈ

ನಾನು ಬರೆದ ಕಣ್ಣಿಗೆ ಜನ ನಿಂಬೆಹಣ್ಣು ಕಟ್ಟುತ್ತಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಹೊನ್ನಾಳಿಯ ನಮ್ಮ ಬಡಾವಣೆಯವರು ಕಳ್ಳತನ ತಡೆಯಲೆಂದು ‘ನೆರೆಹೊರೆ ಕಾವಲು’ ಶುರು ಮಾಡಿದಾಗ ಅದಕ್ಕೆ ಲೋಗೊ ಬರೆದುಕೊಟ್ಟವನು ನಾನೇ. ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಒಬ್ಬನೇ ಇರುವವನು. ಬಿಟ್ಟಿ ಕೆಲಸ ಹೇಳಲು ಇಷ್ಟು ಅರ್ಹತೆ ಸಾಕು. ‘ನಾವು ನೋಡುತ್ತಿದ್ದೇವೆ’ ಎನ್ನುವಂತೆ ಅಗಲವಾಗಿ ತೆರೆದ ಒಂದು ಕಣ್ಣು ಬರೆದೆ. ಜೀವಕಳೆ ಇರಲೆಂದು ನಾಲ್ಕು ಕೆಂಪು ನರಗಳನ್ನೂ ಎಳೆದೆ. ಆ ನರಗಳೇ ಕೈಕೊಟ್ಟವು.

ಸ್ಟಿಕರ್ ಹಂಚಿದ ತಿಂಗಳೊಳಗೆ ಅದು ಕಟ್ಟುತ್ತಿರುವ ಮನೆಗಳ ಮುಂದೆ, ಟ್ರ್ಯಾಕ್ಟರಿನ ಹಿಂದೆ, ಕೊಟ್ಟಿಗೆಯ ಬಾಗಿಲಲ್ಲಿ ದೃಷ್ಟಿಬೊಂಬೆಯ ಕೆಲಸಕ್ಕೆ ನಿಂತುಬಿಟ್ಟಿತು. ಕೆಳಗೆ ನಿಂಬೆಹಣ್ಣು, ಮೆಣಸಿನಕಾಯಿ ಬೇರೆ. ಆ ಕಣ್ಣಿನ ಮುಂದೆ ಹಾದು ಬಂದಾಗಿನಿಂದ ಕೂಸು ಹಾಲು ಕುಡಿಯುತ್ತಿಲ್ಲವೆಂದು ಒಬ್ಬ ಬಾಣಂತಿಯ ತಾಯಿ ಜಗಳಕ್ಕೇ ಬಂದಳು. ಕಳ್ಳರು ಹೆದರಿದರೋ ಇಲ್ಲವೋ, ಗೊತ್ತಿಲ್ಲ. ಕೊನೆಗೆ ಸಮಿತಿಯ ಅಧ್ಯಕ್ಷರು, ಗೊಬ್ಬರದ ಅಂಗಡಿಯ ಬಸವರಾಜಪ್ಪನವರು, ನಮ್ಮ ಮನೆಗೇ ಬಂದರು.

“ಮೇಷ್ಟ್ರೇ, ಆ ಕಣ್ಣು ತೆಗೀರಿ. ಹೆಣ್ಮಕ್ಳು ಅಂಜ್ತಾರೆ. ಬ್ಯಾರೆ ಏನಾರ ಬರ್ದು ಕೊಡ್ರಿ,” ಅಂದರು.

ಬೇರೆ ಏನು? ಮೊದಲು ಬೀಗ ಬರೆದೆ. ಆದರೆ ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿದೆ ಎಂದರೆ ಒಳಗೆ ಯಾರೂ ಇಲ್ಲವೆಂದು ಕಳ್ಳನಿಗೆ ನಾವೇ ಜಾಹೀರಾತು ಕೊಟ್ಟ ಹಾಗೆ. ಆಮೇಲೆ ನಾಯಿ ಬರೆದೆ. ಎಲ್ಲಿ ನೋಡಿದರೂ ಕುರಿಮಂದೆಯೇ ಕಾಣುವ ಜಗಳೂರಿನಲ್ಲಿ ಬಹಳ ವರ್ಷ ಮೇಷ್ಟ್ರಾಗಿದ್ದ ಪ್ರಭಾವವೋ ಏನೋ, ನನ್ನ ನಾಯಿಗಳೆಲ್ಲ ಕುರಿಗಳಾಗಿಯೇ ಮುಗಿಯುತ್ತವೆ. ಅಷ್ಟರಲ್ಲಿ ನಮ್ಮ ಸೀಮೆಯ ಊರುಗಳ ಮುಂದೆ ನಿಂತಿರುವ ವೀರಗಲ್ಲುಗಳು ನೆನಪಾದವು. ದನಗಳ್ಳರನ್ನು ತಡೆಯಲು ಹೋಗಿ ಸತ್ತವನನ್ನು ಕಲ್ಲಿನಲ್ಲಿ ಕೆತ್ತಿ ನಿಲ್ಲಿಸುತ್ತಿದ್ದರು. ನೆರೆಹೊರೆ ಕಾವಲಿನ ಮೊದಲ ಲೋಗೊ ಅದೇ ಇರಬೇಕು. ಆದರೆ ಅದರಲ್ಲಿ ಜಾಗ ಸಿಗಬೇಕಾದರೆ ಕಾವಲಿನವನು ಸಾಯಬೇಕು. ನಮ್ಮ ಸಮಿತಿ ಸದಸ್ಯರು ಇದಕ್ಕೆ ಒಪ್ಪುವವರಲ್ಲ.

ಹೀಗೆ ಪೆನ್ಸಿಲ್ ಹಿಡಿದು ಕಿಟಕಿಯ ಬಳಿ ಕೂತಿದ್ದಾಗ ಪಕ್ಕದ ಮನೆಯ ಗಿರಿಜಮ್ಮ ಚನ್ನಗಿರಿಗೆ ಹೊರಟಿದ್ದು ಕಂಡಿತು. ರಸ್ತೆ ದಾಟಿ ಹೋಗಿ ಎದುರು ಮನೆಯವರಿಗೆ ಕೀಲಿಕೈ ಕೊಟ್ಟರು. “ತುಳಸಿಗೆ ಒಂದೀಟು ನೀರು ಹಾಕ್ರಿ, ಹಾಲಿನೋನಿಗೆ ಬ್ಯಾಡ ಅನ್ರಿ,” ಅಷ್ಟೇ ಮಾತು. ಎರಡು ಕೈ, ನಡುವೆ ಒಂದು ಕೀಲಿಕೈ. ಹತ್ತು ನಿಮಿಷದಲ್ಲಿ ಲೋಗೊ ಮುಗಿಯಿತು.

ಮುಗಿದ ಮೇಲೆ ಅದನ್ನೇ ನೋಡುತ್ತ ಕೂತೆ. ಪಕ್ಕದಲ್ಲೇ ನಾನಿದ್ದೆ, ಅವರು ರಸ್ತೆ ದಾಟಿ ಹೋಗಿದ್ದರು. ನನ್ನ ಹೆಂಡತಿ ಇದ್ದಾಗ ನಮ್ಮ ಅಡುಗೆಮನೆಯ ಮೊಳೆಗೆ ಸದಾ ಎರಡು ಮೂರು ಮನೆಯ ಕೀಲಿಕೈ ತೂಗುತ್ತಿದ್ದವು. ಯಾವುದು ಯಾರದೆಂದು ಅವಳಿಗೆ ಮಾತ್ರ ಗೊತ್ತಿತ್ತು. ಅವಳು ಹೋಗಿ ಆರು ವರ್ಷವಾಯಿತು, ಒಂದೂ ಬಂದಿಲ್ಲ. ಜನ ಕೆಟ್ಟವರಲ್ಲ, ಒಂಟಿ ಗಂಡಸಿಗೆ ಯಾಕೆ ತೊಂದರೆ ಎಂದುಕೊಂಡಿರಬೇಕು. ನಾನಾದರೂ ಯಾರಿಗೆ ಕೊಟ್ಟೆ? ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ, ಜೇಬಿಗೆ ಇಳಿಸುತ್ತೇನೆ. ಬೇಜಾರಾಯಿತು, ನಿಜವಾಗಿಯೂ ಬೇಜಾರಾಯಿತು.

“ಇದು ಭೇಷ್ ಐತೆ ನೋಡ್ರಿ,” ಎಂದು ಬಸವರಾಜಪ್ಪನವರು ಹೊಸ ಲೋಗೊ ಹಿಡಿದು ಹಿಗ್ಗಿದರು. “ಅಂದಂಗೆ, ನಿಮ್ಮನೆ ಕೀಲಿಕೈ ಯಾರ ಹತ್ರ ಇಡ್ತೀರಿ?”

“ಟೀ ಮಾಡ್ಲೇನ್ರೀ?” ಎಂದು ಒಳಗೆ ಹೋದೆ.

ಗಿರಿಜಮ್ಮ ಊರಿಂದ ಬಂದ ಮೇಲೆ ಒಂದು ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು, ಬೀಗ ಹಾಕಿ, ಅವರ ಬಾಗಿಲಲ್ಲಿ ನಿಂತೆ. ತಗೊಳ್ಳದಿದ್ದರೆ ಏನು ಗತಿ ಎಂದುಕೊಳ್ಳುತ್ತಲೇ ಬಾಗಿಲು ತಟ್ಟಿದೆ.

“ಎಲ್ಲಿಗೆ ಹೊಂಟ್ರಿ ಮೇಷ್ಟ್ರೇ?”

“ನ್ಯಾಮತಿಗೆ. ಸ್ವಲ್ಪ ಕೆಲ್ಸ ಐತೆ. ಇದು ನಿಮ್ಮ ಹತ್ರ ಇರ್ಲಿ.”

ಅವರು ಸೆರಗಿಗೆ ಕೈ ಒರೆಸಿಕೊಂಡು ಕೀಲಿಕೈ ತಗೊಂಡರು. “ಊಟದ ಹೊತ್ತಿಗೆ ಬಂದ್ಬಿಡ್ರಿ. ತಡ ಆದ್ರೆ ನಂಗೆ ಗಾಬರಿ ಆಗ್ತೈತೆ.”

ನ್ಯಾಮತಿಯಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಒಂದು ಟೀ ಕುಡಿದು, ಬಂದ ಬಸ್ಸಿಗೇ ಮತ್ತೆ ಹತ್ತಿದೆ.

“ಈಗ ಇಳಿದ್ರಲ್ರೀ ಯಜಮಾನ್ರೇ, ಇಷ್ಟು ಲಗೂನ ಹೊಂಟ್ರಿ?” ಎಂದ ಕಂಡಕ್ಟರ್.

“ಹೂಂನಪ್ಪ, ಮನೆ ಹತ್ರ ಕಾಯ್ತಾ ಇರ್ತಾರೆ,” ಎಂದೆ. ಆರು ವರ್ಷದಿಂದ ಹೇಳದೆ ಇದ್ದ ಮಾತು. ಸ್ವಲ್ಪ ಜೋರಾಗಿಯೇ ಬಂತು.