ದೋಣಿಯ ಆಟದ ನೀರಿನ ಸದ್ದು

ಫೋನಿನಲ್ಲಿ 'ಒಪ್ಪಿದ್ದೇನೆ' ಎಂಬ ಗುಂಡಿಯ ಮೇಲ್ಗಡೆ ಇರುವೆ ಸಾಲಿನಂತೆ ಏನೇನೋ ಬರೆದಿರುತ್ತಾರಲ್ಲ, ಅದನ್ನು ಪೂರ್ತಿ ಓದುವವರು ಈ ಭೂಮಿಯ ಮೇಲೆ ಯಾರಾದರೂ ಇದ್ದಾರೆಯೇ ಎಂಬ ಅನುಮಾನ ನಿಮಗಿದ್ದರೆ, ಹಾವೇರಿಯಲ್ಲಿ ಒಬ್ಬಳಿದ್ದಾಳೆ. ನಾನೇ. ಇಲ್ಲಿಯ ಡಿಪ್ಲೊಮಾ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತೇನೆ. ಔಷಧದ ಡಬ್ಬಿಯೊಳಗೆ ಮಡಚಿಟ್ಟ ಕಾಗದವನ್ನೂ ಬಿಡಿಸಿ ಓದುತ್ತ ಕೂರುತ್ತೇನಾದ್ದರಿಂದ, ಔಷಧ ನುಂಗುವ ಹೊತ್ತಿಗೆ ನನ್ನ ಜ್ವರ ತಾನಾಗಿಯೇ ಇಳಿದಿರುತ್ತದೆ ಎಂದು ನಮ್ಮ ಮನೆಯವರು ನಗುತ್ತಾರೆ. ಇದೇ ಚಟದಿಂದ ಹೋದ ವರ್ಷ ನಾನು ಬಹಳ ಆಸೆಪಟ್ಟ ಸದ್ದೊಂದನ್ನು ಕಳೆದುಕೊಂಡೆ. ಆಮೇಲೆ ನಡೆದದ್ದನ್ನು ನಿಮಗೆ ಹೇಳಬೇಕು.

ನಾನು ಬೆಳೆದದ್ದು ಬ್ಯಾಡಗಿಯಲ್ಲಿ. ಅಪ್ಪನದು ಮೆಣಸಿನಕಾಯಿ ವ್ಯಾಪಾರ. ಪಕ್ಕದ ಮನೆಯ ಶಬಾನಾಳ ಅಬ್ಬಾನದೂ ಅದೇ. ಎರಡು ಮನೆಗಳ ನಡುವೆ ಒಂದು ಗೋಡೆ ಇತ್ತಾದರೂ ಘಾಟಿಗೆ ಅದು ಲೆಕ್ಕಕ್ಕಿರಲಿಲ್ಲ. ಶಬಾನಾಳ ಚಾಚಾ ಒಮ್ಮೆ ಮುಂಬಯಿಯಿಂದ ಟಿವಿ ಗೇಮು ತಂದರು. ಅದರಲ್ಲಿ ಹಳದಿ ಬಣ್ಣದ ಒಂದು ಕ್ಯಾಸೆಟ್ಟು. ಸಿಕ್ಕಿಸುವ ಮೊದಲು ಅದರ ಬಾಯಿಗೆ ಫೂ ಎಂದು ಊದಬೇಕು. ಊದುವ ಹಕ್ಕು ಶಬಾನಾಳದು. ಆಟದಲ್ಲಿ ಒಬ್ಬ ಮನುಷ್ಯ ಪುಟ್ಟ ದೋಣಿಯಲ್ಲಿ ಕೂತು ಗುಹೆಯೊಳಗೆ ಹೋಗುತ್ತಾನೆ. ಸುತ್ತ ನೀರಿನ ಸದ್ದು, ಅದರ ಮೇಲೆ ತೇಲುವ ನಾಲ್ಕೇ ಸ್ವರಗಳ ಒಂದು ರಾಗ. ಕಲ್ಲು ತಪ್ಪಿಸಿ ತಪ್ಪಿಸಿ ಕತ್ತಲೆಯ ತಿರುವಿನವರೆಗೆ ಬರುವಷ್ಟರಲ್ಲಿ ಅಂಗಳದಲ್ಲಿ ಯಾರೋ ಮೆಣಸಿನಕಾಯಿ ಚೀಲ ಕೊಡವುತ್ತಿದ್ದರು. ಇಬ್ಬರಲ್ಲಿ ಒಬ್ಬಳು ಸೀನುತ್ತಿದ್ದಳು. ದೋಣಿ ಮುಳುಗುತ್ತಿತ್ತು. ಆ ತಿರುವಿನ ಆಚೆ ಏನಿದೆ ಎಂದು ನಮಗೆ ಕೊನೆಗೂ ಗೊತ್ತಾಗಲಿಲ್ಲ.

ಓದು ಮುಗಿದ ಮೇಲೆ ಶಬಾನಾ ಉರ್ದು ಶಾಲೆಯ ಟೀಚರಾಗಿ, ಮದುವೆಯಾಗಿ ಕರ್ಜಗಿಗೆ ಹೋದಳು. ಹೋಗುವಾಗ ಹಳದಿ ಕ್ಯಾಸೆಟ್ಟನ್ನು ನನ್ನ ಕೈಗಿಟ್ಟು, "ಆಡೂ ಮಶೀನ್ ಕೆಟ್ಟೈತಿ, ಆದ್ರೂ ಇದು ನಿನ್ನ ಹಂತ್ಯಾಕ ಇರ್ಲಿ" ಎಂದಿದ್ದಳು. ನಾನೂ ಮದುವೆಯಾಗಿ ಹಾವೇರಿಗೆ ಬಂದೆ. ಹಾವೇರಿಗೂ ಕರ್ಜಗಿಗೂ ಎಷ್ಟು ದೂರ? ಬಸ್ಸಿನಲ್ಲಿ ಕಡಲೆಕಾಯಿ ಪೊಟ್ಟಣ ಮುಗಿಯುವುದರೊಳಗೆ ಊರು ಬಂದಿರುತ್ತದೆ. ಆದರೂ ವರ್ಷಗಟ್ಟಲೆ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಅಮೆರಿಕದಲ್ಲಿದ್ದವರನ್ನು ಕಾಣಲು ಜನ ವೀಸಾ ಮಾಡಿಸುತ್ತಾರೆ, ಕರ್ಜಗಿಯಲ್ಲಿದ್ದವರನ್ನು ನಾಳೆ ಕಂಡರಾಯಿತು ಎಂದುಕೊಳ್ಳುತ್ತಾರೆ. ಜಗಳವಿಲ್ಲ, ಮುನಿಸಿಲ್ಲ. ಈದ್‌ಗೆ ನಾನೊಂದು ಹೂವಿನ ಚಿತ್ರ ಕಳಿಸುವುದು, ದೀಪಾವಳಿಗೆ ಅವಳೊಂದು ದೀಪದ ಚಿತ್ರ ಕಳಿಸುವುದು. ಹತ್ತಿರದವರನ್ನು ನೆನೆದು ಹಂಬಲಿಸುವುದು ಎಷ್ಟು ವಿಚಿತ್ರ ಕಷ್ಟವೆಂದರೆ, ಅದನ್ನು ಯಾರ ಮುಂದೆಯೂ ಹೇಳಿಕೊಳ್ಳುವಂತಿಲ್ಲ. "ಹಂಗಾರ ಹೋಗಿ ಬಾ" ಎಂದುಬಿಡುತ್ತಾರೆ.

ಹೋದ ವರ್ಷ ನನ್ನ ಮೈದುನ ಬಸವರಾಜ ಒಂದು ಆಟದ ಡಬ್ಬಿ ತಂದುಕೊಟ್ಟ. ಅವನದು ರಾಣೆಬೆನ್ನೂರಿನಲ್ಲಿ ಮೊಬೈಲ್ ಅಂಗಡಿ. ಅಂಗೈಯಗಲದ ಡಬ್ಬಿ, ಪುಟ್ಟ ಪರದೆ, ಎರಡೂ ಕಡೆ ಗುಂಡಿ. ಹಳೆಯ ಟಿವಿ ಗೇಮುಗಳನ್ನು ಇದರಲ್ಲಿ ಆಡಬಹುದಂತೆ, ಆದರೆ ನಡುನಡುವೆ ನಿಂತುಬಿಡುತ್ತದೆ.

"ವೈನಿ, ಸ್ವಲ್ಪ ನೋಡ್ರಿ ಇದನ್ನ. ನೀವು ಸರಿ ಮಾಡಿಕೊಟ್ರ ಅಂಗಡ್ಯಾಗ ಇಡ್ತೇನಿ" ಎಂದ.

ಇಂಥ ಡಬ್ಬಿಯೊಳಗೆ ಎಮ್ಯುಲೇಟರ್ ಎಂಬ ಪ್ರೋಗ್ರಾಮು ಇರುತ್ತದೆ. ಸತ್ತುಹೋದ ಹಳೆಯ ಯಂತ್ರ ಹೇಗೆ ಯೋಚಿಸುತ್ತಿತ್ತೋ ಹಾಗೆಯೇ ಹೊಸ ಯಂತ್ರ ಯೋಚಿಸುವಂತೆ ಮಾಡುವುದು ಅದರ ಕೆಲಸ. ಪರದೇಶದ ಕೆಲವರು ಇಂಥದೊಂದನ್ನು ಬಹಳ ಚೆನ್ನಾಗಿ ಬರೆದು, ಯಾರು ಬೇಕಾದರೂ ಬಳಸಿರೆಂದು ಇಂಟರ್ನೆಟ್ಟಿನಲ್ಲಿ ಇಟ್ಟಿದ್ದರು. ಅದನ್ನು ಈ ಡಬ್ಬಿಗೆ ಒಗ್ಗಿಸುವ ಕೆಲಸಕ್ಕೆ ಕೂತೆ. ಬಸವರಾಜನಿಗಾಗಿ ಎಂದು ಮನೆಯಲ್ಲಿ ಹೇಳಿದೆ. ಮನಸ್ಸಿನಲ್ಲಿದ್ದದ್ದು ಮಾತ್ರ ಟ್ರಂಕಿನಲ್ಲಿದ್ದ ಹಳದಿ ಕ್ಯಾಸೆಟ್ಟು. ಕಾಲೇಜಿನ ಲ್ಯಾಬಿನಲ್ಲಿ ಅದರೊಳಗಿನದನ್ನು ಓದಿಸಿಕೊಂಡು ಡಬ್ಬಿಗೆ ಹಾಕಿದೆ. ಚಿತ್ರ ಬಂತು, ದೋಣಿ ಓಡಿತು. ಸದ್ದು ಮಾತ್ರ ತುಂಡು ತುಂಡಾಗಿ ಬಿಕ್ಕುತ್ತಿತ್ತು. ಮೂಲದಲ್ಲಿದ್ದ ಸದ್ದಿನ ಭಾಗವನ್ನು ಹೊರುವ ಶಕ್ತಿ ಆ ಡಬ್ಬಿಗಿರಲಿಲ್ಲ. ಹುಡುಕಿದಾಗ ಬೇರೊಬ್ಬರು ಬರೆದ ಹಗುರವಾದ ಸದ್ದಿನ ಭಾಗ ಸಿಕ್ಕಿತು. ಜೋಡಿಸಿದೆ. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ನಿಂತು ಗುಂಡಿ ಒತ್ತಿದರೆ ಆ ನಾಲ್ಕು ಸ್ವರಗಳು, ಕೆಳಗೆ ನೀರು. ಹಾಲು ಉಕ್ಕಿದ್ದೂ ತಿಳಿಯಲಿಲ್ಲ.

ಆಮೇಲೆ ನನ್ನ ಚಟ ಅಡ್ಡ ಬಂತು. ಎರಡನ್ನೂ ಬರೆದವರ ಪರವಾನಗಿ, ಅಂದರೆ ಬಳಸುವವರಿಗೆ ಹಾಕಿದ ಷರತ್ತುಗಳನ್ನು ಓದಿದೆ. ಎಮ್ಯುಲೇಟರಿನದು ಉದಾರ: ಯಾರಿಗೆ ಬೇಕಾದರೂ ಕೊಡಿ, ಮಾರಿದರೂ ಸರಿ; ನಮ್ಮ ಹೆಸರು ಅಳಿಸಬೇಡಿ, ಪಡೆದವರಿಗೆ ನಿಮ್ಮ ತಿದ್ದುಪಡಿ ಸಹಿತ ಪೂರ್ತಿ ಕೋಡ್ ಸಿಗುವಂತಿರಲಿ, ಅವರ ಕೈ ಕಟ್ಟುವ ಹೊಸ ಷರತ್ತು ಹಾಕಬೇಡಿ. ಸದ್ದಿನ ಭಾಗದ್ದು ಒಂದೇ ಮಾತು: ಇದನ್ನು ಮಾರಾಟಕ್ಕೆ ಬಳಸಕೂಡದು. ಒಬ್ಬರು ಪಡೆದವರ ಕೈ ಕಟ್ಟಬೇಡ ಎನ್ನುತ್ತಾರೆ, ಇನ್ನೊಬ್ಬರು ಆಗಲೇ ಕಟ್ಟಿದ್ದಾರೆ. ನನ್ನ ಮನೆಯೊಳಗೆ ನಾನೊಬ್ಬಳೇ ಎರಡನ್ನೂ ಬೆರೆಸಿ ಕೇಳಿಕೊಳ್ಳಬಹುದು. ಹೊರಗೆ ಇನ್ನೊಬ್ಬರಿಗೆ ಕೊಡುವಂತಿಲ್ಲ. ಸದ್ದು ಬರೆದವರಿಗೆ ಅನುಮತಿ ಕೇಳಿ ಬರೆದೆ. ಮೆಣಸಿನಕಾಯಿ ಸುಗ್ಗಿ ಬಂದು ಹೋಯಿತು, ಉತ್ತರ ಬರಲಿಲ್ಲ. ಆ ಮನುಷ್ಯ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ. ಕಾಣದ ಆ ಒಂದು ಹೆಸರಿನ ಬಗ್ಗೆಯೂ ನನಗೆ ಹಂಬಲ ಶುರುವಾಗಿತ್ತು.

ಬಸವರಾಜನಿಗೆ ಇದೆಲ್ಲ ತಮಾಷೆ. "ಉತ್ತರ ಬರ್ಲಿಲ್ಲಾಂದ್ರ ಒಪ್ಪಿದಂಗ ಆತಲ್ರಿ ವೈನಿ? ರಾಣೆಬೆನ್ನೂರಾಗ ಯಾರ್ ಬಂದು ನೋಡ್ತಾರ್ರಿ? ಆ ಹೆಸರೆಲ್ಲಾ ತಗದು ನಮ್ಮ ಅಂಗಡಿ ಹೆಸರು ಹಾಕಿಬಿಡ್ರಿ."

"ಬರದಾವ್ರು ನೋಡಂಗಿಲ್ಲಪ್ಪಾ. ನಾ ನೋಡೇನಲ್ಲ" ಎಂದೆ.

ಹಾವೇರಿಯ ಹಳೆಯ ಗುಡಿಗಳ ಶಾಸನಗಳನ್ನು ನೀವು ನೋಡಿದ್ದರೆ ನೆನಪಿರಬಹುದು. ರಾಜನ ಹೊಗಳಿಕೆಯೆಲ್ಲ ಮುಗಿದು, ಕೊನೆಗೆ ಕೆಲವೊಮ್ಮೆ ಬರೆದವನ ಹೆಸರೂ ಕೆತ್ತಿದವನ ಹೆಸರೂ ಇರುತ್ತವೆ. ಕೊಟ್ಟದ್ದನ್ನು ಕೆಡಿಸಿದವನಿಗೆ ಘೋರವಾದ ಶಾಪವಿರುತ್ತದೆ. ರಾಜ ಹೋದ, ರಾಜ್ಯ ಹೋಯಿತು, ದತ್ತಿ ಬಿಟ್ಟ ಭೂಮಿ ಯಾವುದೆಂದು ಯಾರಿಗೂ ಗೊತ್ತಿಲ್ಲ. ಕೆತ್ತಿದವನ ಹೆಸರು ಮಾತ್ರ ಕೂತಿದೆ. ಪರವಾನಗಿಗಳಲ್ಲಿ ಶಾಪವಿಲ್ಲ, ವಕೀಲರ ಭಾಷೆಯಿದೆ. ನನ್ನಂಥವಳಿಗೆ ಎರಡೂ ಒಂದೇ ಥರ ಹೆದರಿಕೆ.

ಸದ್ದಿನ ಭಾಗವನ್ನು ತೆಗೆದುಹಾಕಿದೆ. ಹಳೆಯ ಯಂತ್ರದಲ್ಲಿ ಸದ್ದು ಹೊರಡಿಸುತ್ತಿದ್ದ ಎಲೆಕ್ಟ್ರಾನಿಕ್ ಚಿಪ್ಪಿನ ವಿವರಗಳನ್ನು ಓದಿ, ಆ ಹಗುರ ಕೋಡನ್ನು ಮತ್ತೆ ತೆರೆಯದೆ, ನನ್ನದೇ ಆದದ್ದನ್ನು ಬರೆದೆ. ಮಳೆಗಾಲ ಪೂರ್ತಿ ಹಿಡಿಯಿತು. ಕೊನೆಗೆ ರಾಗವೇನೋ ಬಂತು, ಆದರೆ ಇದು ಅದೇನಾ ಎಂದು ಕೇಳಿದರೆ ಹೇಳುವ ಧೈರ್ಯವಿಲ್ಲ. ಕೇಳಿ ಹೇಳಬಲ್ಲವಳು ಲೋಕದಲ್ಲಿ ಒಬ್ಬಳೇ. ಸದ್ದನ್ನು ರೆಕಾರ್ಡ್ ಮಾಡಿ, ಒಂದು ಮಾತೂ ಬರೆಯದೆ ಶಬಾನಾಳ ಫೋನಿಗೆ ಕಳಿಸಿದೆ. ಹಬ್ಬವೂ ಅಲ್ಲ, ಏನೂ ಅಲ್ಲ.

ಸ್ವಲ್ಪ ಹೊತ್ತಿಗೆ ಫೋನೇ ಬಂತು. ಹಲೋ ಇಲ್ಲ, ಹೇಗಿದ್ದೀ ಎಂಬುದಿಲ್ಲ.

"ಲೇ ಗಿರಿಜಿ, ಇದು ನೀರಿನ ಸಪ್ಪಳ ಅಲ್ಲ. ಒಗ್ಗರಣಿ ಸಪ್ಪಳ."

ನಾನು ನಕ್ಕೆ, ಅವಳೂ ನಕ್ಕಳು. ಅವಳು ಹೇಳಿದ್ದು ಖರೆಯೇ ಆಗಿತ್ತು. ನನ್ನ ನೀರು ಸಾಸಿವೆಯಂತೆ ಚಟಪಟ ಸಿಡಿಯುತ್ತಿತ್ತು. ತಿದ್ದಿದೆ, ಕಳಿಸಿದೆ. ಈಗ ಮಳೆಯಾಯಿತು ಎಂದಳು. ಮತ್ತೆ ತಿದ್ದಿದೆ. ಆಮೇಲಿನದಕ್ಕೆ, "ಹಾಂ, ಇದು ನೀರು. ಆದ್ರ ಹಾಡು ಭಾಳ ಲಗೂ ಓಡಾಕತ್ತೈತಿ. ನಮ್ದು ಸಾವಕಾಶ ಇತ್ತು" ಎಂದಳು.

"ನಿನಗ ಹಂಗ ಅನಸ್ತೈತಿ. ಸಣ್ಣವರಿದ್ದಾಗಿಂದು ಎಲ್ಲಾ ಸಾವಕಾಶನ ಅನಸ್ತೈತಿ" ಎಂದು ಪಾಠ ಮಾಡುವವಳ ಗತ್ತಿನಲ್ಲಿ ಹೇಳಿದೆ.

"ನೀ ಟೀಚರ್ ಆದ್ರ ನಾನೂ ಟೀಚರ್. ಸಾವಕಾಶ ಇತ್ತಂದ್ರ ಇತ್ತು."

ವಾದ ಬಹಳ ದಿನ ನಡೆಯಿತು. ಫೋನು ಮಾಡಲು ಒಂದು ಕಾರಣ ಸಿಕ್ಕಿದ್ದರಿಂದ ಸೋಲಲು ಇಬ್ಬರಿಗೂ ಮನಸ್ಸಿರಲಿಲ್ಲ. ಕೊನೆಗೆ ಒಂದು ದಿನ ಕ್ಲಾಸಿನಲ್ಲಿ ಹಳೆಯ ಟಿವಿಯ ಪಾಠ ಮಾಡುತ್ತಿದ್ದಾಗ ನನ್ನ ಕೈಯ ಚಾಕ್‌ಪೀಸು ಅಲ್ಲೇ ನಿಂತಿತು. ಆ ಆಟ ಮಾಡಿದ ದೇಶದ ಟಿವಿಗಳು ಸೆಕೆಂಡಿಗೆ ಅರವತ್ತು ಸಲ ಚಿತ್ರ ಬಿಡಿಸುತ್ತಿದ್ದವು. ನಮ್ಮವು ಐವತ್ತು ಸಲ. ಆಟದ ಹಾಡು ಟಿವಿಯ ಹೆಜ್ಜೆಗೆ ಹೆಜ್ಜೆ ಹಾಕುತ್ತಿತ್ತು. ನಮ್ಮಲ್ಲಿಗೆ ಬಂದ ಯಂತ್ರಗಳಲ್ಲಿ ದೋಣಿಯೂ ನಿಧಾನ, ರಾಗವೂ ನಿಧಾನ. ನಾನು ಅರವತ್ತಕ್ಕೆ ಹೊಂದಿಸಿ ಕೂತಿದ್ದೆ. ಕಳೆದ ಕಾಲ ನಿಧಾನವಾಗಿತ್ತೆಂದು ಎಲ್ಲರೂ ಹೇಳುತ್ತಾರೆ. ನಮ್ಮದು ಖಂಡಿತವಾಗಿ, ಅಳೆದು ತೋರಿಸಬಹುದಾದಷ್ಟು ನಿಧಾನವಾಗಿತ್ತು.

ಸೆಟ್ಟಿಂಗಿನಲ್ಲಿ ಹೊಸದೊಂದು ಆಯ್ಕೆ ಸೇರಿಸಿ, ಅದಕ್ಕೆ 'ಸಾವಕಾಶ' ಎಂದೇ ಹೆಸರಿಟ್ಟೆ. ಕೋಡನ್ನೆಲ್ಲ ಇಂಟರ್ನೆಟ್ಟಿನಲ್ಲಿ ಇಡುವ ಮೊದಲು, ಮೂಲದವರ ಹೆಸರುಗಳ ಕೆಳಗೆ ನನ್ನದನ್ನೂ ಅವಳದನ್ನೂ ಹಾಕಬೇಕಿತ್ತು. ಯಾವ ಹೆಸರು ಹಾಕಲಿ ಎಂದು ಕೇಳಿದೆ.

"ಶಬಾನಾ, ಬ್ಯಾಡಗಿ ಅಂತ ಹಾಕು. ಕರ್ಜಗಿ ಬ್ಯಾಡ. ಆಡಿದ್ದು ಬ್ಯಾಡಗ್ಯಾಗ" ಎಂದಳು. ಆಮೇಲೆ, "ಮತ್ತ ಯಾರರ ತಗದು ಹಾಕಿದ್ರ?" ಎಂದಳು.

"ತಗಿಯಂಗಿಲ್ಲ. ತಗದ್ರ ತಪ್ಪಾಕ್ಕೈತಿ."

"ಹೌದಾ? ನಮ್ಮ ಮನಿ ಗೋಡಿ ಮ್ಯಾಲೂ ನನ್ನ ಹೆಸರಿಲ್ಲ ನೋಡು" ಎಂದು ನಕ್ಕಳು.

ಬಸವರಾಜ ಈಗ ಈ ಎಮ್ಯುಲೇಟರ್ ಹಾಕಿದ ಡಬ್ಬಿಗಳನ್ನು ಅಂಗಡಿಯಲ್ಲಿಟ್ಟಿದ್ದಾನೆ. ಅದರೊಳಗೆ ಯಾವ ಆಟವನ್ನೂ ತುಂಬಿಲ್ಲ; ಆಟಗಳು ಬೇರೆಯವರ ಸ್ವತ್ತು. ಪ್ರತಿ ಡಬ್ಬಿಯ ಜೊತೆ ಹೆಸರುಗಳೂ ಕೋಡ್ ಸಿಗುವ ವಿಳಾಸವೂ ಇರುವ ಚೀಟಿಯನ್ನು ಗೊಣಗುತ್ತಲೇ ಇಡುತ್ತಾನೆ. ಗಿರಾಕಿಗಳು ಅದನ್ನು ಗ್ಯಾರಂಟಿ ಕಾರ್ಡೆಂದು ತಿಳಿದು ಜೋಪಾನ ಮಾಡುತ್ತಾರಂತೆ. ಈಚೆಗೆ ಯಾವುದೋ ದೇಶದ ಒಬ್ಬರು ನಮ್ಮ ಕೋಡನ್ನು ಇನ್ನೊಂದು ಬಗೆಯ ಡಬ್ಬಿಗೆ ಒಗ್ಗಿಸಿದ್ದಾರೆ. 'ಸಾವಕಾಶ' ಎಂಬುದರ ಅರ್ಥ ಅವರಿಗೆ ಗೊತ್ತಿರಲಾರದು, ಬ್ಯಾಡಗಿ ಎಲ್ಲಿದೆ ಎಂಬುದೂ ಗೊತ್ತಿರಲಾರದು. ಎರಡನ್ನೂ ಇದ್ದಂತೆಯೇ ಇಟ್ಟಿದ್ದಾರೆ.

ಹೋದ ಭಾನುವಾರ ಡಬ್ಬಿ ತೆಗೆದುಕೊಂಡು ಕರ್ಜಗಿಗೆ ಹೋದೆ. ಶಬಾನಾಳ ತಲೆಗೂದಲು ನನ್ನದರಷ್ಟೇ ಬೆಳ್ಳಗಾಗಿದೆ. ಬಸ್ ನಿಲ್ದಾಣದ ಎದುರಿಗೇ ಮನೆ. ಕಟ್ಟೆಯ ಮೇಲೆ ಕೂತು, ಸರದಿಯಂತೆ ಗುಂಡಿ ಒತ್ತುತ್ತ ಆಡಿದೆವು. ರಾಗ ಅದೇ, ನೀರು ಅದೇ, ವೇಗವೂ ಅದೇ. ಆದರೂ ಯಾವುದೋ ಒಂದು ಇರಲಿಲ್ಲ. ಅದನ್ನು ಯಾವ ಚಿಪ್ಪಿನ ವಿವರದಲ್ಲಿ ಹುಡುಕಬೇಕೆಂದು ನನಗೆ ತಿಳಿಯದು. ಶಬಾನಾಳಿಗೂ ಹಾಗೇ ಅನಿಸಿರಬೇಕು. ಅವಳು ನನ್ನ ಕಡೆ ಸ್ವಲ್ಪ ಸರಿದು ಕೂತಳು. ಹಾವೇರಿ ಬಸ್ಸು ಬಂದು ಹಾರ್ನ್ ಹೊಡೆಯಿತು. ನಾನು ಎದ್ದೆ.

"ಹೋಗ್ಲಿ ಬಿಡು. ಮತ್ತೊಂದು ಬರ್ತೈತಿ. ಕುಂದ್ರು" ಎಂದಳು.

ಬಸ್ಸು ಹೋಯಿತು. ಕೂತೆ.